ಹಿಲ್ಡಾ ಆಂಟಿ ಮರೆತ ಬಣ್ಣ

ಪಕ್ಕದ ಫ್ಲ್ಯಾಟಿನವರು ಇವತ್ತು ಬೆಳಿಗ್ಗೆ ಒಂದು ತಟ್ಟೆ ಇಡ್ಲಿಯಂಥ ಸಾನ್ನ ಕಳಿಸಿದ್ದರು. ಮುಚ್ಚಳ ತೆಗೆದದ್ದೇ ತಡ, ಹುಳಿ ಬಂದ ಅಕ್ಕಿಹಿಟ್ಟಿನ ಬಿಸಿ ವಾಸನೆ ನನ್ನನ್ನು ನೇರವಾಗಿ ನೈರೋಬಿಯ ಕಿಲೆಲೆಶ್ವಾದ ಹಿಲ್ಡಾ ಆಂಟಿಯ ಅಡುಗೆಮನೆಗೆ ಕರೆದೊಯ್ದಿತು. ನೇರವಾಗಿ ಎಂದೆನೆ? ನನ್ನ ನೆನಪು ಎಂದೂ ನೇರ ದಾರಿ ಹಿಡಿದದ್ದಲ್ಲ. ಸ್ವಲ್ಪ ಅನುಮಾನ ಇಟ್ಟುಕೊಂಡೇ ಜೊತೆಗೆ ಬನ್ನಿ.

ಆಂಟಿ ಮಂಗಳೂರಿನ ಕಡೆಯವರು, ಭೂಗೋಳ ಕಲಿಸಿ ನಿವೃತ್ತರಾದ ಟೀಚರು. ಭಾನುವಾರ ಅವರು ಚರ್ಚಿನಿಂದ ಬರುವಷ್ಟರಲ್ಲಿ, ಕರ್ನಾಟಕದಿಂದ ಬಂದ ನಾವೊಂದಿಷ್ಟು ಜನ ಅವರ ಬಾಗಿಲಲ್ಲಿ ಹಸಿದು ನಿಂತಿರುತ್ತಿದ್ದೆವು. ತಿಂಡಿಯ ಜೊತೆ ಊರಿನ ಸುದ್ದಿ, ಕ್ರಿಕೆಟ್ಟು ಎಲ್ಲ ಆಗುತ್ತಿತ್ತು. ಕೀನ್ಯಾದ ರಾಜಕೀಯ ಮಾತ್ರ ಇಲ್ಲ. ‘ನಾವು ಅತಿಥಿಗಳಪ್ಪಾ’ ಎಂಬುದು ನಮ್ಮೆಲ್ಲರ ಜಾಣತನ.

ಆದರೆ ರಾಜಕೀಯ ಆಂಟಿಯ ಎದುರುಮನೆಯಲ್ಲೇ ಇತ್ತು. ಅಲ್ಲಿದ್ದ ಮಂತ್ರಿಯೊಬ್ಬರನ್ನು ವರ್ಷಗಳ ಹಿಂದೆ ಯಾರೋ ಕೊಂದಿದ್ದರು. ಮನೆಗೆ ಯಾವ ವಾಹನವೂ ಬಂದಿರಲಿಲ್ಲ, ಅವರೇ ನಡೆದು ಹೊರಗೆ ಹೋದರು ಎಂದಿತ್ತು ಮೊದಲ ತನಿಖೆ. ಅದನ್ನು ನಂಬಿದವರು ನೈರೋಬಿಯಲ್ಲಿ ನನಗಂತೂ ಸಿಗಲಿಲ್ಲ. ಎರಡು ಸಾವಿರದ ಇಸವಿ ದಾಟಿ, ಹೊಸ ಸರ್ಕಾರ ಬಂದು ಮತ್ತೊಂದು ಆಯೋಗ ಕೂಡಿಸಿದಾಗ, ಆಂಟಿ ಸಾನ್ನ ಬಡಿಸುತ್ತಲೇ ಹೇಳಿದರು: “ಆ ಬೆಳಿಗ್ಗೆ ಗೇಟಿನ ಎದುರು ಒಂದು ಕಾರು ನಿಂತದ್ದು ನಾನು ನೋಡಿದ್ದೇನೆ. ಅವರು ಹತ್ತಿದ್ದೂ ನೋಡಿದ್ದೇನೆ. ಆಗ ಯಾರೂ ಕೇಳಲಿಲ್ಲ. ಈಗ ಹೇಳ್ಲಿಕ್ಕೆ ಹೋಗ್ತೇನೆ.”

ಔಷಧಿ ಕಾರ್ಖಾನೆಯ ಎಂಜಿನಿಯರ್ ರಾಯರ ಕೈ ಬಾಯಿಯ ಹತ್ತಿರವೇ ನಿಂತಿತು. “ಇಲ್ಲಿರೋ ನಿಮ್ಮ ಪರ್ಮಿಟ್ ಗತಿ ಏನು ಆಂಟಿ?”

“ಅದು ದೇವರಿಗೆ ಬಿಟ್ಟದ್ದು. ನೀನು ಚಟ್ನಿ ಹಾಕಿಕೋ.”

ಹೆದರಿಕೆ ಇಳಿದ ಮೇಲೆ ನಾವೆಲ್ಲ ಅವರಿಗೇ ಮೇಷ್ಟರಾದೆವು. “ಕಾರಿನ ಬಣ್ಣ ಕೇಳ್ತಾರೆ. ಬಿಳಿ ಅಂದ್ಬಿಡಿ,” ಎಂದರು ರಾಯರು. “ಪೇಪರ್‌ನಲ್ಲೆಲ್ಲ ಬಿಳಿ ಅಂತ್ಲೇ ಬಂದಿದೆ.”

“ಪೇಪರಿನವರು ನನ್ನ ಕಿಟಕಿಯಲ್ಲಿ ನಿಂತಿದ್ದರಾ ಮಾರಾಯಾ? ನನಗೆ ನೆನಪಿಲ್ಲ.”

“ಹಾಗಂದ್ರೆ ನಿಮ್ಮನ್ನ ಯಾರೂ ನಂಬಲ್ಲ!” ಇದು ನಾನು. ಓದಿಕೊಂಡವನ ಸಲಹೆ.

ಆಯೋಗದ ಮುಂದೆ ವಕೀಲ ಬಣ್ಣವನ್ನೇ ತಿರುಗಿಸಿ ಮುರುಗಿಸಿ ಕೇಳಿದ. ಕಿಕ್ಕಿರಿದಿದ್ದ ಜನಕ್ಕೆ ಬಿಳಿಯೇ ಬೇಕಿತ್ತು, ಮುಂದಿನ ಸಾಲಿನಲ್ಲಿದ್ದ, ಕೊಲೆಯಾದ ಮಂತ್ರಿಯ ಹೆಂಡತಿಗೂ. “ಕಾರು ಬಂದದ್ದು ಗೊತ್ತು. ಬಣ್ಣ ಮರೆತಿದೆ,” ಎಂದರು ಆಂಟಿ. ಹಿಂದಿನಿಂದ ನಿಟ್ಟುಸಿರು, ಒಂದೆರಡು ನಗು. ಅವರನ್ನು ಕಾರಿನಲ್ಲಿ ವಾಪಸು ಮನೆಗೆ ಕರೆತಂದದ್ದು ನಾನೇ.

ಕೊನೆಗೆ ವರದಿ ಬಂತು. ವಾಹನ ಬಂದದ್ದಕ್ಕೆ ಪುರಾವೆ ಇಲ್ಲ ಎಂಬ ಅದೇ ಹಳೆಯ ರಾಗ. ಆಂಟಿಗೆ ಸಿಕ್ಕಿದ್ದು ಒಂದೇ ಸಾಲು: ಈ ಸಾಕ್ಷಿಗೆ ವಾಹನದ ಬಣ್ಣ ನೆನಪಿಲ್ಲ. ಪತ್ರಿಕೆಗಳು ಅದನ್ನೂ ಅಚ್ಚು ಹಾಕಿದವು. ಮರುದಿನ ನ್ಗಾರಾಕ್ಕೆ ಹೋಗುವ ಮಟಾಟು ವ್ಯಾನಿನಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ: “ಕಾರೇ ಬಂದಿಲ್ಲವಂತೆ! ಹಾಗಾದರೆ ಆ ಟೀಚರಮ್ಮ ಮರೆತದ್ದು ಯಾವ ಕಾರಿನ ಬಣ್ಣ?” ಇಡೀ ಗಾಡಿ ನಕ್ಕಿತು. ವಾರದೊಳಗೆ ಅಂಗಡಿ ಅಂಗಡಿಯಲ್ಲಿ ಅದೇ ಪ್ರಶ್ನೆ. ಬಿಳಿ ಎಂದಿದ್ದರೆ, ಪೇಪರು ಓದಿಕೊಂಡು ಬಂದ ಮುದುಕಿ ಎಂದು ಅವರನ್ನು ಸಲೀಸಾಗಿ ತಳ್ಳಿಹಾಕುತ್ತಿದ್ದರು.

ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಒಂದು ಭಾನುವಾರ ಮಂತ್ರಿಯ ಹೆಂಡತಿ ರಸ್ತೆ ದಾಟಿ ಬಂದು, ನಮ್ಮ ನಡುವೆ ಕೂತು ತಿಂಡಿ ತಿಂದರು.

ಇಷ್ಟನ್ನು ಇವತ್ತು ದಿನಚರಿಯಲ್ಲಿ ಬರೆಯುವಾಗ, ಸಾಕ್ಷಿ ಹೇಳಿದ ದಿನ ಆಂಟಿ ನೀಲಿ ಸೀರೆ ಉಟ್ಟಿದ್ದರು ಎಂಬ ವಾಕ್ಯ ತಾನಾಗಿ ಬಂತು. ಓದಲು ಚೆನ್ನಾಗಿಯೂ ಇತ್ತು. ಹೊಡೆದುಹಾಕಿದೆ. ಅವರು ಹೋದರು, ಕೂತರು, ಹೇಳಿದರು. ಅಷ್ಟನ್ನು ನಾನು ನೋಡಿದ್ದೇನೆ.