ಅಸದುಲ್ಲಾ ಸಾಹೇಬರ ಕೈ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲಿಗೆ ಗೂಡು ಕೊಳ್ಳುವ ಅಸದುಲ್ಲಾ ಸಾಹೇಬರನ್ನು ಹುಡುಕುವುದು ಸುಲಭ. ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮಾತ್ರ ಚಾವಣಿಯ ಪಾರಿವಾಳಗಳ ಮೇಲಿಟ್ಟು ಯಾರು ನಿಂತಿದ್ದಾರೋ ಅವರೇ. ಒಂದು ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ "ಬೇಡ" ಅಂದರೆ ಮುಗಿಯಿತು. ದಿಬ್ಬೂರಹಳ್ಳಿಯ ನಮ್ಮಪ್ಪ ಆವಲಪ್ಪನ ಗೂಡನ್ನೂ ಮುಲಾಜಿಲ್ಲದೆ ಬೇಡ ಅಂದಿದ್ದುಂಟು. ಆದರೂ ಅವರೆಂದರೆ ನನಗೆ ಪ್ರಾಣ. ಚಿಕ್ಕವಳಿದ್ದಾಗ ಹೋದಾಗಲೆಲ್ಲ ಜೇಬಿನಿಂದ ಬೆಲ್ಲದ ಕಮ್ಮರಕಟ್ಟು ತೆಗೆದುಕೊಡುತ್ತಿದ್ದರು.

ತೊಂಬತ್ತೊಂದರಲ್ಲಿ ನಾನು ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮ ಆಯ್ಕೆಗೆ ನಾವು ಕೊಡುವ ಕಾರಣವೇ ಬೇರೆ, ನಿಜವಾದ ಕಾರಣವೇ ಬೇರೆ, ಕಾರಣ ಹುಡುಕುತ್ತಾ ಕೂತರೆ ಆಯ್ಕೆಯೇ ಕೆಡಬಹುದು ಅಂತ ಮೇಷ್ಟ್ರು ಪಾಠ ಮಾಡಿದ್ದರು. ಪ್ರಬಂಧಕ್ಕೆ ಸಾಹೇಬರೇ ಆಗಲಿ ಅಂತ ಆಷಾಢದಲ್ಲಿ ಹಾಳೆ, ಪೆನ್ಸಿಲ್ಲು ಹಿಡಿದು ಬಂದೆ. ಗೂಡು ಕೊಳ್ಳುವಾಗಲೇ ನೂಲು ಹೇಗೆ ಬರುತ್ತದೆ, ಯಾಕೆ ಅಂತ ಅವರು ನನಗೆ ಹೇಳಬೇಕು. ಮನೆಯಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ನೂಲು ತೆಗೆಯುವ ಅವರ ಹೆಂಡತಿ ದಿಲ್ಷಾದ್ ಬೇಗಂ, ನಿಜಕ್ಕೂ ಹೇಗೆ ಬಂತು ಅಂತ ನನಗೊಬ್ಬಳಿಗೇ ತಿಳಿಸಬೇಕು. ಪರೀಕ್ಷೆ ಚೊಕ್ಕಟವಾಗಿರಲೆಂದು ದೊಡ್ಡ ಪಂಡಿತೆಯ ಹಾಗೆ ಒಂದು ಷರತ್ತನ್ನೂ ಹಾಕಿದೆ: ನಾನು ಹೇಳುವ ತನಕ ಗಂಡ ಹೆಂಡತಿ ಗೂಡಿನ ಮಾತೆತ್ತಕೂಡದು.

"ಆಯ್ತಮ್ಮಾ, ನೀನು ಪಾಸಾದ್ರೆ ಸಾಕು" ಅಂದರು ಸಾಹೇಬರು.

ಮೊದಲ ವಾರ ಅವರ ಅಂದಾಜು ಒಂದೂ ತಪ್ಪಲಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಅರ್ಧಕ್ಕರ್ಧ ತಪ್ಪು. ನನಗೆ ಖುಷಿಯೋ ಖುಷಿ. ಕಾರಣ ಕೇಳಿ ಕೇಳಿ ಅವರ ಕೈ ಗೊಂದಲಕ್ಕೆ ಬಿತ್ತು, ಶಾಸ್ತ್ರ ಹೇಳಿದ್ದೇ ನಿಜವಾಯಿತು ಅಂತ ಬರೆದುಕೊಟ್ಟೆ. ಫಸ್ಟ್ ಕ್ಲಾಸ್ ಬಂತು.

ಸಂಕ್ರಾಂತಿಗೆ ಊರಿಗೆ ಬಂದಾಗ ಅಪ್ಪ ಹೇಳಿದ, "ನಿನ್ ಸಾಹೇಬ್ರು ಮಾರ್ಕೆಟ್ಟಿಗೇ ಬರಲ್ಲ ಕಣಮ್ಮ. ರಾಶೀಗೆ ಕೈ ಹಾಕಕ್ಕೇ ಭಯವಂತೆ. ನಾಕು ಬೇಸಿನ್‌ನಾಗೆ ಮೂರು ನಿಂತೋಗೈತೆ."

ಮೊದಲ ಬಸ್ಸಿಗೇ ಶಿಡ್ಲಘಟ್ಟಕ್ಕೆ ಓಡಿದೆ. ಸಾಹೇಬರು ಜಗುಲಿಯ ಮೇಲೆ ತೊಡೆ ಮೇಲೆ ಕೈಯಿಟ್ಟು ಕೂತಿದ್ದರು. ನನ್ನನ್ನು ಕಂಡು ನಕ್ಕರು, ಅಷ್ಟೇ. ಒಳಗೆ ದಿಲ್ಷಾದ್ ಬೇಗಂ ಉಳಿದೊಂದು ಬೇಸಿನ್ ಮುಂದೆ ಇದ್ದರು.

"ಸಾಹೇಬ್ರು ಮೊದ್ಲು ಅಷ್ಟು ಚೆನ್ನಾಗಿ ಅಂದಾಜು ಹೇಳೋರು, ಹೆಂಗೆ ಚಾಚಿ ಕೆಟ್ಟೋಯ್ತು?" ಅಂದೆ.

"ನನಗೇನು ಗೊತ್ತಮ್ಮಾ. ಆಗೆಲ್ಲ ದಿನಾ ಸಾಯಂಕಾಲ ಬಯ್ತಿದ್ದೆ. ಇವತ್ತಿಂದು ಕಸ, ಹತ್ತು ಸಲ ಎಳೆ ಕಡೀತು, ನಿನ್ನೇದು ಬೆಣ್ಣೆ ಅಂತ. ಚಾ ಕುಡೀತಾ ಕೇಳ್ಕೊಳ್ಳೋರು."

"ಈಗ ಬಯ್ಯಲ್ವಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀನೇ ಬೇಡ ಅಂದ್ಯಲ್ಲಮ್ಮಾ. ನೀನು ಪಾಸಾಗೋವರ್ಗೂ ಬಾಯಿ ಬಿಡಲ್ಲ ಅಂತ ಇಬ್ರೂ ಇದ್ದೀವಿ."

ಆರು ತಿಂಗಳು! ಷರತ್ತು ಹಾಕಿದವಳು ನಾನು, ಬಿಡಿಸುವುದನ್ನು ಮರೆತು ಫಸ್ಟ್ ಕ್ಲಾಸ್ ತಗೊಂಡು ಕೂತವಳೂ ನಾನು. ಸರಿ ಯಾವುದು, ತಪ್ಪು ಯಾವುದು ಅಂತ ಅವತ್ತವತ್ತೇ ಗೊತ್ತಾದರೆ ಮಾತ್ರ ಇಂಥ ಅಂದಾಜು ಚುರುಕಾಗಿ ಉಳಿಯುತ್ತದೆ ಅಂತ ನನ್ನ ನೋಟ್ಸಿನಲ್ಲೇ ಇತ್ತು. ಮಳೆಗೊಂದು ಥರ, ಚಳಿಗೊಂದು ಥರ ಬದಲಾಗುವ ಗೂಡಿಗೆ ಆ ಕೈಯನ್ನು ದಿನಾ ಹದ ಮಾಡುತ್ತಿದ್ದದ್ದು ಈ ಹೆಂಗಸಿನ ಬಾಯಿ. ಅದನ್ನೇ ಮುಚ್ಚಿಸಿದ್ದೆ. ನನ್ನ ಪ್ರಬಂಧದಲ್ಲಿ ಆಕೆಯ ಹೆಸರೂ ಇಲ್ಲ. ನಾಚಿಕೆಯಿಂದ ಅತ್ತುಬಿಟ್ಟೆ.

"ಪಾಸಾದೆ ಚಾಚಿ. ಪಾಸಾಗಿ ತಿಂಗಳಾಯ್ತು."

"ಹೌದಾ! ಒಳ್ಳೇದಾಯ್ತು" ಅಂತ ಒದ್ದೆ ಕೈಯಿಂದಲೇ ನನ್ನ ಗಲ್ಲ ಸವರಿದರು. ಆಮೇಲೆ ಜಗುಲಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ಉರ್ದುವಿನಲ್ಲಿ ಬಯ್ಯಲು ಶುರು ಹಚ್ಚಿಕೊಂಡರು. ಇವತ್ತಿನ ಗೂಡಿನಿಂದಲ್ಲ, ಆಷಾಢದ ಮೊದಲನೇ ರಾಶಿಯಿಂದ. ಯಾವುದರ ಎಳೆ ಕಡಿಯಿತು, ಯಾವುದು ನೀರಿನಲ್ಲಿ ಕರಗಿಹೋಯಿತು, ಒಂದೂ ಮರೆತಿರಲಿಲ್ಲ.

ಸಾಹೇಬರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಲುಂಗಿಯ ಮೇಲೆ ಅವರ ಬೆರಳುಗಳು, ರಾಶಿಯೊಳಗೆ ಗೂಡು ತಡಕುವ ಹಾಗೆ, ಮೆಲ್ಲಗೆ ಆಡತೊಡಗಿದವು.