ಅತ್ತಿ ಓದಿದ ಪ್ರೇಮಕಾದಂಬರಿ

ನಿನ್ನೆ ಮಳೆಗೆ ತೊಯ್ದ ಪುಸ್ತಕವೊಂದನ್ನು ಒಣಗಲು ಇಟ್ಟೆ. ಆ ವಾಸನೆಗೆ ನಮ್ಮೂರು ಉಗಾರದ ಶಾಲೆಯ ಕೋಣೆ ಕಣ್ಣೆದುರು ಬಂತು.

ನನ್ನ ಬಾಲ್ಯದ ಆ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಊರೊಳಗೆ ನುಗ್ಗಿದ್ದಳು. ನಮ್ಮನ್ನು ಎತ್ತರದ ಶಾಲೆಗೆ ಮುಟ್ಟಿಸಿದ ಅಪ್ಪ, ಎಮ್ಮೆ ಬಿಡಿಸಿಕೊಂಡು ಬರಲು ಹೋದವನು ತಿರುಗಿ ಬಂದಿರಲಿಲ್ಲ. ಹೆದರಿಕೆಗೆ ನನ್ನ ಹಲ್ಲು ಕಟಕಟಿಸುತ್ತಿದ್ದವು. ಅಪ್ಪನ ತಂಗಿ ಸರಸೂ ಅತ್ತಿ ಚೀಲದಿಂದ ಸಣ್ಣದೊಂದು ಪ್ರೇಮಕಾದಂಬರಿ ತೆಗೆದು ಓದತೊಡಗಿದಳು. ಅದರಲ್ಲಿ ನಾಯಕ ಸಿಟ್ಟಾಗಿ ಊರು ಬಿಟ್ಟ.

“ಅಂವ ತಿರುಗಿ ಬರ್ತಾನೇನ ಅತ್ತಿ?”

“ಬಂದ ಬರ್ತಾನ. ಇಂಥಾ ಪುಸ್ತಕದಾಗ ಬರಲಾರದ ಇರೂದಿಲ್ಲ.”

“ಮತ್ತ ಅಪ್ಪಾ?”

ಅತ್ತಿ ಬಾಗಿಲ ಕಡೆ ನೋಡಿ, ಪುಟ ತಿರುವಿ ಮುಂದೆ ಓದಿದಳು. ನಾಯಕ ಮರಳಿದ ಪುಟವನ್ನು ನಾನು ಮೂರು ಸಲ ಓದಿಸಿದೆ.

ಸಂಜೆ ಅಪ್ಪ ಬಂದ, ಎದೆಮಟ್ಟ ಕೆಸರು, ಎಮ್ಮೆಯಿಲ್ಲ. ಅತ್ತಿ ಪುಸ್ತಕ ಮುಚ್ಚಿ ಗಟ್ಟಿಯಾಗಿ ಅತ್ತಳು.

ಇಂಥ ಕಾದಂಬರಿಗಳ ಕೊನೆ ಈಗ ನನಗೆ ಮೊದಲೇ ಗೊತ್ತಿರುತ್ತದೆ. ಆದರೂ ಹೋದವನು ತಿರುಗಿ ಬಾಗಿಲಿಗೆ ಬರುವವರೆಗೆ ಉಸಿರು ಬಿಗಿಹಿಡಿದೇ ಓದುತ್ತೇನೆ.