ಕೈಯಲ್ಲಿ ಕೊಡದ ಟಾಚಣಿ

ಅಂದು ನಮ್ಮ ಓಣಿಗೆ ನಳದ ನೀರು ಬರುವ ದಿನವಾಗಿರಲಿಲ್ಲ. ಹಾಗಾಗಿ ಜಲ್ದಿ ಏಳಲು ಕಾರಣವೂ ಇರಲಿಲ್ಲ. ಆದರೂ ಐದೂವರೆಗೆ ಎದ್ದೆ. ಅಂಗಳಕ್ಕೆ ಅರ್ಧ ತಂಬಿಗೆ ನೀರನ್ನು ಜಿಪುಣತನದಿಂದ ಚಿಮುಕಿಸಿದೆ, ನಾಲ್ಕೆಳೆ ರಂಗೋಲಿ ಎಳೆದೆ, ಹಾಲಿನ ಪಾಕೀಟು ಒಳಗೆ ತಂದು ಚಹಾಕ್ಕಿಟ್ಟೆ. ಎದುರು ಮನೆಯ ಗಿರಿಜವ್ವ ತನ್ನ ಅಂಗಳ ಗುಡಿಸುತ್ತಿದ್ದಳು. ಅವಳು ನನ್ನನ್ನು ನೋಡಿ ನಕ್ಕಳು, ನಾನೂ ನಕ್ಕೆ. ಇಬ್ಬರೂ ಒಳಗೆ ಹೋದೆವು. ನಮ್ಮ ಆ ದಿನದ ಮಾತುಕತೆ ಅಲ್ಲಿಗೆ ಮುಗಿಯಿತು.

ಬೆಟಗೇರಿಯಲ್ಲಿ ನೀರು ಬರುವ ದಿನ ಮಂದಿಗೆ ಬಾಯಿಯೂ ಬರುತ್ತದೆ ಎಂದು ನನ್ನ ಯಜಮಾನರು ಹೇಳುತ್ತಿದ್ದರು. ನಾನು ಮದುವೆಯಾಗಿ ಈ ಓಣಿಗೆ ಬಂದಾಗ ಮೂಲೆಯಲ್ಲಿ ಒಂದೇ ನಳವಿತ್ತು. ಕೊಡಗಳ ಸಾಲು, ಸಾಲು ಮುರಿದವಳ ಮೇಲೆ ಬೈಗುಳ, ಬೈದವಳೇ ಸಂಜೆ ಬಂದು ಒಂದು ಬಟ್ಟಲು ಸಕ್ಕರೆ ಕೇಳುವುದು, ಎಲ್ಲವೂ ಇತ್ತು. ಈಗ ಪ್ರತಿ ಮನೆಗೂ ನೆಲದಡಿಯ ಟಾಕಿ, ಮೋಟಾರು. ಜಗಳಕ್ಕೆ ಕಾರಣವಿಲ್ಲ. ಜಗಳದ ಜೊತೆಗೆ ಇನ್ನೂ ಏನೇನು ಹೋಯಿತೆಂದು ನಾವು ಯಾರೂ ಲೆಕ್ಕ ಹಾಕಲಿಲ್ಲ.

ಚಹಾ ಕುಡಿಯುತ್ತ ಕಪಾಟಿನಿಂದ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ತೆಗೆದೆ. ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ, ನಗಬೇಡಿ. ನಾನು ಟಾಚಣಿ, ಅಂದರೆ ಗುಂಡುಪಿನ್ನು, ಕೂಡಿಡುತ್ತೇನೆ. ಯಾವುದೋ ಟಾಚಣಿಯಲ್ಲ. ಯುದ್ಧದ ವರ್ಷಗಳಲ್ಲಿ ಸೈನಿಕರ ನಿಧಿಗೆಂದು ಸಾಲಿಯ ಮಕ್ಕಳು ಮನೆಮನೆಗೆ ಹೋಗಿ ಪುಟ್ಟ ಕಾಗದದ ಬಾವುಟ ಕೊಡುತ್ತಿದ್ದರಲ್ಲ, ಅದನ್ನು ಎದೆಗೆ ಚುಚ್ಚುವ ಟಾಚಣಿ. ಮಕ್ಕಳ ಡಬ್ಬಿಗೆ ಕೈಲಾದಷ್ಟು ದುಡ್ಡು ಹಾಕಿದವರು ಅದನ್ನು ಸಂಜೆಯವರೆಗೆ ಅಭಿಮಾನದಿಂದ ಧರಿಸಿ, ರಾತ್ರಿ ಅಂಗಿಯ ಜೊತೆ ಮರೆತುಬಿಡುತ್ತಿದ್ದರು. ಒಂದೇ ದಿನ ಬಾಳಬೇಕೆಂದು ಹುಟ್ಟಿದ ವಸ್ತುವನ್ನು ಅರ್ಧ ಶತಮಾನ ಬದುಕಿಸುವುದು ನನ್ನ ಹವ್ಯಾಸ. ಬೇರೆ ಹೆಂಗಸರು ಉಪ್ಪಿನಕಾಯಿಯ ವಿಷಯದಲ್ಲಿ ಇಂಥದೇ ಸಾಹಸ ಮಾಡುತ್ತಾರೆ, ಅವರಿಗೆ ಹೊಗಳಿಕೆಯೂ ಸಿಗುತ್ತದೆ.

ನನ್ನ ಸಂಗ್ರಹದಲ್ಲಿ ಇಪ್ಪತ್ತಾರು ಇವೆ. ಮುಂಡರಗಿಯ ಮುದಿ ದರ್ಜಿಯೊಬ್ಬರ ಕೋಟಿನ ಕಾಲರಿನ ಹಿಂದೆ ಸಿಕ್ಕಿದ್ದು ಒಂದು. ಶಿರಹಟ್ಟಿಯ ಹಳೇ ಸಾಮಾನಿನ ಅಂಗಡಿಯಲ್ಲಿ ತೂತುಬಿದ್ದ ಜರಡಿಯ ಜೊತೆ ಬಂದ, ಇಂಗ್ಲಿಷರ ಕಾಲದ ತಗಡಿನ ಬಿಲ್ಲೆ ಇನ್ನೊಂದು. ಪ್ರತಿಯೊಂದರ ಕೆಳಗೂ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಗುಂಡು ಅಕ್ಷರದಲ್ಲಿ ಊರು, ಮನೆ, ಕೊಟ್ಟವರ ಹೆಸರು ಬರೆದಿದ್ದೇನೆ. ಆ ಅಕ್ಷರ ನೋಡಿ ಹೊಗಳುವವರು ಯಾರೂ ಇಲ್ಲದಿರುವುದು ಬೇರೆ ಮಾತು. ಮೂರು ವರ್ಷದ ಹಿಂದೆ ತೀರಿಕೊಳ್ಳುವವರೆಗೆ ಯಜಮಾನರಾದರೂ "ಮತ್ತೊಂದು ಮೊಳಿ ಬಂತೇನ?" ಎಂದು ಕೇಳುತ್ತಿದ್ದರು. ಮೊಳೆಯಲ್ಲ, ಟಾಚಣಿ ಎಂದು ತಿದ್ದುವುದರಲ್ಲಿ ನನಗೆ ಸುಖವಿತ್ತು. ಈಗ ತಿದ್ದಿಸಿಕೊಳ್ಳುವವರೂ ಇಲ್ಲ.

ಇದರಲ್ಲಿ ಒಂದು ಕಷ್ಟವಿದೆ. ಕಾಗದವೂ ಟಾಚಣಿಯೂ ಕೂಡಿಯೇ ಉಳಿದಿರುವುದು ಬಹಳ ಅಪರೂಪ. ನಮ್ಮ ಕಡೆಯ ಹೆಂಗಸರು ಟಾಚಣಿಯನ್ನು ಎಂದೂ ಕೆಡಿಸಿದವರಲ್ಲ. ಗಂಡ ಮನೆಗೆ ಬಂದು ಅಂಗಿ ಬಿಚ್ಚಿದನೋ ಇಲ್ಲವೋ, ಬಾವುಟ ಒಲೆಗೆ, ಟಾಚಣಿ ಗೋಡೆಯ ಪಂಚಾಂಗಕ್ಕೆ. ಪಿನ್ನುಗಳನ್ನಂತೂ ಬಳೆಗೇ ತೂಗುಹಾಕಿಕೊಂಡು ಓಡಾಡುವವರು ನಾವು. ದೇಶಪ್ರೇಮ ಒಂದು ದಿನದ್ದು, ಸೆರಗು ಜಾರುವುದು ದಿನಾ ಇದ್ದದ್ದೇ. ಹಾಗಾಗಿ ನನ್ನ ಇಪ್ಪತ್ತಾರರಲ್ಲಿ ಕಾಗದ ಸಮೇತ ಪೂರ್ತಿ ಇದ್ದದ್ದು ಒಂದೇ ಒಂದು. ಅಂದು ಬೆಳಿಗ್ಗೆ ಅದನ್ನೇ ಹತ್ತಿಯಲ್ಲಿ ಸುತ್ತಿ, ಕುಂಕುಮದ ಖಾಲಿ ಭರಣಿಯಲ್ಲಿಟ್ಟು, ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅದು ನನ್ನದಲ್ಲ, ಕಸ್ತೂರಿಯದು. ಅವಳಿಗೆ ಅದನ್ನು ಕೊಟ್ಟು, ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಂಡರೆ ಹಳೆಯ ಗೆಳತಿಯೊಬ್ಬಳು ತಿರುಗಿ ಸಿಕ್ಕಾಳು ಎಂಬ ಆಸೆಯೂ ಇತ್ತು. ಅದನ್ನು ಮಾತ್ರ ನಾನು ಭರಣಿಯಲ್ಲಿಟ್ಟಿರಲಿಲ್ಲ, ಅಷ್ಟೇ.

ಬಾಂಗ್ಲಾ ಯುದ್ಧದ ವರ್ಷ ನಾವಿಬ್ಬರೂ ಗದಗಿನ ಕಾನ್ವೆಂಟಿನಲ್ಲಿ ನಾಲ್ಕನೇ ಇಯತ್ತೆ. ಕಸ್ತೂರಿ ಬೆಟಗೇರಿಯ ನೇಕಾರರ ಮನೆಯವಳು. ಬಾವುಟ ಹಂಚಲು ಸಿಸ್ಟರು ನಮ್ಮನ್ನು ಜೋಡಿ ಮಾಡಿ ಕಳಿಸಿದರು. ಎಡ ಎದೆಗೆ ನೀವೇ ಚುಚ್ಚಿ, ನಕ್ಕು, ಧನ್ಯವಾದ ಹೇಳಿ ಎಂಬುದು ಅವರ ಅಪ್ಪಣೆ. ನಾನು ಅಪ್ಪಣೆ ಮೀರುವ ಜಾತಿಯಲ್ಲ. ದೊಡ್ಡವರು ಬಾಗದಿದ್ದರೆ ತುದಿಗಾಲಲ್ಲಿ ನಿಂತು ಚುಚ್ಚುತ್ತಿದ್ದೆ. ಕಸ್ತೂರಿ ಮಾತ್ರ ಪ್ರತಿ ಮನೆಯಲ್ಲೂ ಬಾವುಟವನ್ನು ಕಟ್ಟೆಯ ಮೇಲಿಟ್ಟು, "ತಗೋರಿ" ಎನ್ನುತ್ತಿದ್ದಳು.

"ಹಂಗ್ಯಾಕ ಇಡತಿ?" ಎಂದು ಕೇಳಿದೆ.

"ಟಾಚಣಿ ಕೈಯಾಗ ಕೊಡಬಾರದಲೇ. ಜಗಳ ಬೀಳತಾವು."

ಇದು ನಮ್ಮ ಕಡೆಯ ಎಲ್ಲ ಮನೆಗಳ ಶಾಸ್ತ್ರ. ಉಪ್ಪು, ಮೆಣಸಿನಕಾಯಿ, ಸೂಜಿ ಇವನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಈಗ ಯೋಚಿಸಿದರೆ, ಇದನ್ನು ಮಾಡಿದವರು ಕೂಡು ಕುಟುಂಬದಲ್ಲಿ ಬಾಳಿದ ಯಾವಳೋ ಜಾಣ ಮುದುಕಿಯೇ ಇರಬೇಕೆನಿಸುತ್ತದೆ. ಉರಿಯುವ ವಸ್ತು, ಚುಚ್ಚುವ ವಸ್ತು, ಅತ್ತೆ, ಸೊಸೆ ಇಷ್ಟೂ ಒಂದೇ ಕಡೆ ಸೇರದಿರಲಿ, ನಡುವೆ ಒಂದು ಗಳಿಗೆಯಾದರೂ ನೆಲ ಇರಲಿ ಎಂದುಕೊಂಡಿರಬೇಕು. ಆದರೆ ಒಂಬತ್ತು ವರ್ಷದ ನನಗೆ ಕಾನ್ವೆಂಟಿನ ಗರ್ವ. ಕೊನೆಯ ಮನೆ ಮುಗಿದ ಮೇಲೆ ಉಳಿದ ಒಂದು ಬಾವುಟವನ್ನು ಅವಳ ಅಂಗೈಯಲ್ಲೇ ಒತ್ತಿ, "ನೋಡೋಣ, ಹೆಂಗ ಜಗಳ ಬೀಳತೈತಿ" ಎಂದು ಹಂಗಿಸಿದೆ. ಅವಳು ಬೆಂಕಿ ತಾಗಿದಂತೆ ಕೈ ಕೊಡವಿದಳು. ಬಾವುಟ ಮಣ್ಣಿಗೆ ಬಿತ್ತು. ನಾನು ಎತ್ತಿಕೊಂಡೆ.

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಸಿಸ್ಟರ ಮುಂದೆ, ಕಸ್ತೂರಿ ದೇಶದ ಬಾವುಟವನ್ನು ಕಟ್ಟೆಯ ಮೇಲಿಟ್ಟು ಮಂದಿಯ ಕೈಯಿಂದ ಎತ್ತಿಸಿದಳೆಂದು ಚಾಡಿ ಹೇಳಿದೆ. ಅವಳನ್ನು ಒಂದು ತಾಸು ಬಾಗಿಲ ಹೊರಗೆ ನಿಲ್ಲಿಸಿದರು. ಅವಳು ನನ್ನ ಕಡೆ ನೋಡಲಿಲ್ಲ. ಆ ವಾರ ಕಳೆದ ಮೇಲೆ ಸಾಲಿಗೇ ಬರಲಿಲ್ಲ. ಆಮೇಲೆ ಅವಳ ಮನೆಯವರು ಓಣಿ ಬದಲಿಸಿದರು, ಮುಂದೆ ಅವಳನ್ನು ಅಡರಕಟ್ಟಿ ಊರಿಗೆ ಮದುವೆ ಮಾಡಿ ಕೊಟ್ಟರೆಂದು ಯಾರೋ ಅಂದರು. ನನ್ನ ಡಬ್ಬಿಯ ಮೊದಲ ಟಾಚಣಿ ಅದೇ. ಉಳಿದ ಇಪ್ಪತ್ತೈದನ್ನು ಅದಕ್ಕೆ ಜೊತೆಯಾಗಲೆಂದು ಸೇರಿಸಿದೆನೇನೋ. ಹೋದ ತಿಂಗಳು ಒಂದು ಮದುವೆಯಲ್ಲಿ ಅಡರಕಟ್ಟಿಯ ಹೆಂಗಸೊಬ್ಬಳು ಸಿಕ್ಕು, ಕಸ್ತೂರಿ ಈಗ ಲಕ್ಷ್ಮೇಶ್ವರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆಂದು ವಿಳಾಸ ಹೇಳಿದಳು.

ಬಸ್ಸು ಶಿರಹಟ್ಟಿ ಕಡೆಯ ಮಾಗಡಿ ದಾಟುವಾಗ ಕಿಟಕಿಯ ಹೊರಗೆ ಕೆರೆ. ಚಳಿಗಾಲದ ಬಾತುಗಳು ಬಂದಿದ್ದವು. ಅಷ್ಟು ದೂರದಿಂದ ಹಾರಿ ಬಂದು, ಅಷ್ಟು ದೊಡ್ಡ ಕೆರೆಯಲ್ಲಿ ಒಂದೇ ಗೇಣು ನೀರಿಗಾಗಿ ಗದ್ದಲವೆಬ್ಬಿಸಿದ್ದವು. ನಾನು ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದೆ. ಕಾನ್ವೆಂಟಿನವರಿಗೆ ಕ್ಷಮೆಯೂ ಬಾಯಿಪಾಠವಾಗಬೇಕು.

ಬಾಗಿಲು ತೆರೆದ ದಪ್ಪ ಹೆಂಗಸು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದಳು. ಹೆಸರು ಹೇಳಿದೆ.

"ಕಾನ್ವೆಂಟಿನ ವಿಮಲಾನ? ಅಯ್ಯ ನನ್ನವ್ವ, ತಲಿ ಎಲ್ಲಾ ಅಳ್ಳಿಹಂಗ ಬೆಳ್ಳಗಾಗೇತಲ್ಲೇ! ಬಾ, ಕುಂಡ್ರು. ಡ್ರಿಲ್ಲಿನಾಗ ಬಿದ್ದು ಅಳತಿದ್ದಿ, ಈಗರ ನೆಟ್ಟಗ ನಡೀತಿಯಿಲ್ಲೋ?"

ಅವಳಿಗೆ ಎಲ್ಲವೂ ನೆನಪಿತ್ತು. ಸಿಸ್ಟರ ಬೂಟಿನ ಸಪ್ಪಳ, ನನ್ನ ಡಬ್ಬಿಯ ಬ್ರೆಡ್ಡು, ಅದನ್ನು ಅವಳ ರೊಟ್ಟಿಗೆ ಬದಲಿಸಿಕೊಳ್ಳುತ್ತಿದ್ದದ್ದು. ನನಗೆ ಧೈರ್ಯ ಬಂತು. ಉರುಹೊಡೆದದ್ದೆಲ್ಲ ಮರೆತು, "ಕಸ್ತೂರಿ, ಆವತ್ತಿನ ಜಗಳಕ್ಕ ನಾನ ಕಾರಣ. ಅದನ್ನ ಹೇಳಾಕ ಬಂದೀನಿ" ಎಂದೆ.

"ಯಾವ ಜಗಳ?"

ಎಲ್ಲ ಹೇಳಿದೆ. ಬಾವುಟ, ಚಾಡಿ, ಬಾಗಿಲ ಹೊರಗಿನ ಒಂದು ತಾಸು. ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳಲು ಯತ್ನಿಸಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ನನ್ನ ದಿನಾ ನಿಂದರಸತಿದ್ರು. ಯಾವುದಂತ ನೆನಪಿಡ್ಲಿ?"

"ಆಮ್ಯಾಲ ನೀ ಸಾಲಿಗೆ ಬರಲೇ ಇಲ್ಲಲ್ಲ?"

"ಅಯ್ಯ ಹುಚ್ಚಿ! ಅವ್ವ ಬಾಣಂತಿ. ಮಗ್ಗದ ಕಂಡಿಕಿಗೆ ನೂಲು ಸುತ್ತಾಕ ಮನ್ಯಾಗ ಕೈ ಬೇಕಾಗಿತ್ತು, ಅಪ್ಪ ಸಾಲಿ ಬಿಡಿಸಿದ. ನಿನ್ನ ಸಂಬಂಧ ಯಾರರ ಸಾಲಿ ಬಿಡತಾರೇನ?"

ಅವಳು ನಕ್ಕಳು. ನೂಲು ಸುತ್ತಿ ಸುತ್ತಿ ಗೆರೆಬಿದ್ದ ಅವಳ ತೋರುಬೆರಳು ನೋಡುತ್ತ ನಾನೂ ನಕ್ಕೆ. ಐವತ್ತಕ್ಕೂ ಹೆಚ್ಚು ವರ್ಷ ನಾನು ಜೋಪಾನ ಮಾಡಿದ ಜಗಳದಲ್ಲಿ ಅವಳು ಇರಲೇ ಇಲ್ಲ. ಎರಡೂ ಕಡೆಯ ಮಾತನ್ನು ನಾನೇ ಆಡಿದ್ದೆ. ತಪ್ಪು ಹಗುರವಾದರೆ ಸಂತೋಷವಾಗಬೇಕು ತಾನೇ? ನನಗೇಕೋ ಕೈಯಲ್ಲಿದ್ದ ಗಂಟು ಬಸ್ಸಿನಲ್ಲಿ ಬಿಟ್ಟು ಇಳಿದಂತಾಯಿತು.

ಭರಣಿ ತೆರೆದು ಬಾವುಟವನ್ನು ಹೊರತೆಗೆದೆ. ಈ ಸಲ ಶಾಸ್ತ್ರ ಮರೆಯಲಿಲ್ಲ, ಅವಳ ಮುಂದೆ ನೆಲದ ಮೇಲಿಟ್ಟೆ. "ಇಷ್ಟ ಸಣ್ಣದಿತ್ತೇನ?" ಎನ್ನುತ್ತ ಎತ್ತಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಸೊಸೆ ಕೂಗಿದಳು, "ಅತ್ತಿ, ಚಾ ಕುದಿಯವಲ್ದು. ಬರ್ನರ್ ಕಟ್ಟೇತಿ ನೋಡ್ರಿ." ಕಸ್ತೂರಿ ಮಾತಾಡುತ್ತಲೇ ಎದ್ದಳು, ನಡೆಯುತ್ತಲೇ ಕಾಗದದಿಂದ ಟಾಚಣಿ ಎಳೆದಳು, ಒಲೆಯ ತೂತುಗಳನ್ನು ಒಂದೊಂದಾಗಿ ಚುಚ್ಚಿ ತೆರೆದಳು. ಉರಿ ನೀಲಿಯಾಗಿ ಎದ್ದಿತು.

"ಆವಾಗಿನ ಟಾಚಣಿ ಖರೇನ ಗಟ್ಟಿ ಬಿಡು" ಎಂದು ಅದನ್ನು ಗೋಡೆಯ ಕ್ಯಾಲೆಂಡರಿಗೆ, ಗ್ಯಾಸಿನ ಚೀಟಿಯ ಪಕ್ಕ ಸಿಕ್ಕಿಸಿದಳು.

ಅವಳ ಬೆನ್ನಿಗೇ ಒಳಗೆ ಹೋಗಿದ್ದ ನಾನು ಕಾಗದವನ್ನು ಮಾತ್ರ ಒಲೆಗಟ್ಟೆಯಿಂದ ಎತ್ತಿಕೊಂಡೆ. ಚಹಾ ಚೆನ್ನಾಗಿತ್ತು. ಮೊಮ್ಮಕ್ಕಳು ಬಂದರು, ಹಿಟ್ಟಿನ ಗಿರಣಿಯವನು ಬಂದ, ಮಗನ ಫೋನು ಬಂತು. ಅವಳ ಮನೆ ತುಂಬಿತ್ತು. "ಈ ಕಡೆ ಬಂದಾಗ ಬಾರಲೇ" ಎಂದಳು. ಮನಸ್ಸಿನಿಂದಲೇ ಅಂದಳು. ಆದರೆ ನಾನು ಎಲ್ಲಿರುತ್ತೇನೆ ಎಂದು ಕೇಳುವಷ್ಟು ಬಿಡುವು ಅವಳಿಗಿರಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಡಬ್ಬಿ ತೆರೆದು ಆ ಕಾಗದವನ್ನು ಅದರ ಜಾಗದಲ್ಲಿಟ್ಟೆ. ಎರಡು ಪುಟ್ಟ ತೂತು, ತೂತಿನ ಸುತ್ತ ಕಂದು ಕಲೆ. ಕೆಳಗಿನ ಚೀಟಿಯಲ್ಲಿ ಏನು ತಿದ್ದಿ ಬರೆಯಬೇಕೆಂದು ಪೆನ್ನು ಹಿಡಿದು ಕುಳಿತೆ. ಉಪಯೋಗದಲ್ಲಿದೆ ಎಂದು ಬರೆಯಲೇ? ನನ್ನ ಇಪ್ಪತ್ತಾರರಲ್ಲಿ ಅಂಥ ಭಾಗ್ಯ ಬಂದದ್ದು ಅದೊಂದಕ್ಕೇ.

ಬಾಗಿಲಲ್ಲಿ ಗಿರಿಜವ್ವ ನಿಂತಿದ್ದಳು. ಇಳಕಲ್ ಸೀರೆ, ಒಂದು ಕೈಯಲ್ಲಿ ಉಡಿ ತುಂಬುವ ಸಾಮಾನಿನ ಚೀಲ, ಜಾರುತ್ತಿದ್ದ ಸೆರಗನ್ನು ಗದ್ದದಲ್ಲಿ ಒತ್ತಿ ಹಿಡಿದಿದ್ದಳು. "ಒಂದು ಪಿನ್ ಐತೇನ್ರಿ ಅಕ್ಕಾರ? ನನ್ನ ಬಳಿಗಿದ್ದುವೆಲ್ಲಾ ಮಗಳು ಉಚ್ಚಿಕೊಂಡು ಹೋಗ್ಯಾಳ."

ನನ್ನ ಬಳೆಯಿಂದ ಒಂದನ್ನು ಬಿಚ್ಚಿದೆ. ಅಭ್ಯಾಸದಂತೆ ಬಗ್ಗಿ ಅದನ್ನು ಹೊಸ್ತಿಲ ಪಕ್ಕದ ಕಟ್ಟೆಯ ಮೇಲಿಡಲು ಹೋದೆ. ಅವಳು ಖಾಲಿ ಇದ್ದ ಕೈ ಚಾಚಿದಳು. ಆಟೋದವನು ಓಣಿಯ ತುದಿಯಲ್ಲಿ ಹಾರ್ನು ಹೊಡೆಯುತ್ತಿದ್ದ.

"ಕೈಯಾಗ ಕೊಟ್ಟಬಿಡ್ರಿ ಅತ್ತಾಗ," ಎಂದಳು ಗಿರಿಜವ್ವ, ಅತ್ತ ನೋಡುತ್ತಲೇ. "ಜಗಳ ಬಿದ್ದರ ಬೀಳ್ಲಿ. ಹಂಗರ ದಿನಾ ಮಾತಾಡಿದಂಗ ಆಕ್ಕೈತಿ."